ಖಾಡಿಗೊಂದು, ರಂಗಕ್ಕೊಂದು: ಎರಡು ಕ್ಯಾಮೆರಾಗಳ ಚರಿತ್ರೆ

ಹಳೆಯ ಡಿಎಸ್‌ಎಲ್‌ಆರ್ ಒಳ್ಳೆಯದೋ, ಹೊಸ ಸೂಪರ್‌ಝೂಮ್ ಬ್ರಿಡ್ಜ್ ಕ್ಯಾಮೆರಾ ಒಳ್ಳೆಯದೋ ಎಂದು ಕೇಳಿದರೆ ಅಂಗಡಿಯವನಿಗೆ ಉತ್ತರ ಹೇಳಲು ಅರ್ಧ ನಿಮಿಷ ಸಾಕು. ಹೊಸದರಲ್ಲಿ ಪಿಕ್ಸೆಲ್ ಹೆಚ್ಚು, ಝೂಮ್ ಹೆಚ್ಚು, ತೂಕ ಕಡಿಮೆ. ಹಳೆಯದನ್ನು ಕೊಟ್ಟರೆ ನಾಲ್ಕು ಕಾಸು ಕಳೆದು ಕೊಡುತ್ತೇನೆ ಎಂದೂ ಸೇರಿಸುತ್ತಾನೆ. ಆದರೆ ಚೆಂಬೂರಿನಲ್ಲಿ ವಾಸವಾಗಿರುವವರಿಗೆ ಈ ಪ್ರಶ್ನೆ ಅಷ್ಟು ಸುಲಭದ್ದಲ್ಲ. ಇಲ್ಲಿ ಒಂದು ಮಗ್ಗುಲಿಗೆ ಮಾಹುಲ್ ಖಾಡಿಯ ಕೆಸರು ಬಯಲು, ಅದರ ಮೇಲೆ ಚಳಿಗಾಲಕ್ಕೆ ಬಂದಿಳಿಯುವ ಫ್ಲೆಮಿಂಗೊಗಳು, ಅಂದರೆ ನಮ್ಮ ರಾಜಹಂಸಗಳು. ಊರಿನ ಒಳಗೆ, ಕತ್ತಲೆಯ ಸಭಾಂಗಣಗಳಲ್ಲಿ ಯಕ್ಷಗಾನ, ಭರತನಾಟ್ಯ, ನಾಟಕ. ಒಂದು ಕಡೆ ದೂರದ ಸಮಸ್ಯೆ, ಇನ್ನೊಂದು ಕಡೆ ಬೆಳಕಿನ ಸಮಸ್ಯೆ. ಈ ಎರಡು ಕ್ಯಾಮೆರಾಗಳು ಹುಟ್ಟಿದ್ದೇ ಈ ಎರಡು ಸಮಸ್ಯೆಗಳಿಂದ.

ಕಥೆಯನ್ನು 1959ರಿಂದ ಶುರುಮಾಡುವುದು ಅನುಕೂಲ. ಆ ವರ್ಷ ಜಪಾನಿನ ನಿಕಾನ್ ಕಂಪನಿ ‘ನಿಕಾನ್ ಎಫ್’ ಎಂಬ ಎಸ್‌ಎಲ್‌ಆರ್ ಕ್ಯಾಮೆರಾ ಹೊರತಂದಿತು. ಲೆನ್ಸಿನಿಂದ ಬಂದ ಬೆಳಕು ಒಳಗಿನ ಕನ್ನಡಿಗೆ ಬಡಿದು, ಮೇಲಿನ ಐದು ಮುಖದ ಗಾಜಿನ ಮೂಲಕ ಕಣ್ಣಿಗೆ ತಲುಪುತ್ತದೆ. ಗುಂಡಿ ಒತ್ತಿದಾಗ ಕನ್ನಡಿ ಮೇಲೆದ್ದು ಬೆಳಕನ್ನು ಫಿಲ್ಮಿಗೆ ಬಿಡುತ್ತದೆ. ಲೆನ್ಸು ಕಂಡದ್ದನ್ನೇ ಕಣ್ಣೂ ಕಾಣುತ್ತದೆ. ಇಂಥ ಕ್ಯಾಮೆರಾಗಳು ಅದಕ್ಕೂ ಮೊದಲೇ ಇದ್ದವು. ಆದರೆ ಪತ್ರಿಕಾ ಛಾಯಾಗ್ರಾಹಕರು ನಂಬಿ ಹೆಗಲಿಗೇರಿಸಿಕೊಂಡದ್ದು ಇದನ್ನು. ಅದೇ ವರ್ಷ ಜರ್ಮನಿಯ ಫೋಕ್ಟ್‌ಲೆಂಡರ್ ಕಂಪನಿ ‘ಝೂಮರ್’ ಲೆನ್ಸನ್ನು ಮಾರುಕಟ್ಟೆಗೆ ತಂದಿತು. 36ರಿಂದ 82 ಮಿ.ಮೀ.ವರೆಗೆ ಹಿಗ್ಗುವ ಇದು 35 ಮಿ.ಮೀ. ಸ್ಟಿಲ್ ಕ್ಯಾಮೆರಾಗಳಿಗೆ ಬಂದ ಮೊದಲ ಝೂಮ್ ಲೆನ್ಸು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಎರಡೂಕಾಲು ಪಟ್ಟು ಝೂಮ್. ಡಿಎಸ್‌ಎಲ್‌ಆರ್‌ನ ಅಜ್ಜ, ಸೂಪರ್‌ಝೂಮಿನ ಅಜ್ಜ ಇಬ್ಬರೂ ಒಂದೇ ವರ್ಷದವರು.

ಅದೇ 1959ರಲ್ಲಿ ಮುಂಬಯಿಯಲ್ಲಿ ಗುರುದತ್ತರ ‘ಕಾಗಜ್ ಕೆ ಫೂಲ್’ ಬಿಡುಗಡೆಯಾಯಿತು. ಭಾರತದ ಮೊದಲ ಸಿನೆಮಾಸ್ಕೋಪ್ ಚಿತ್ರ. ಛಾಯಾಗ್ರಾಹಕ ನಮ್ಮ ಮೈಸೂರಿನ ವಿ.ಕೆ. ಮೂರ್ತಿ. ಕನ್ನಡಿಗಳ ಸಹಾಯದಿಂದ ಹೊರಗಿನ ಬಿಸಿಲನ್ನು ಸ್ಟುಡಿಯೊ ಒಳಗೆ ಹಾಯಿಸಿ, ಕತ್ತಲಲ್ಲಿ ನಿಂತ ಇಬ್ಬರ ನಡುವೆ ಬೆಳಕಿನ ಕೋಲು ಬೀಳುವಂತೆ ಅವರು ಮಾಡಿದ್ದು ಇಂದಿಗೂ ಸಿನಿಮಾ ವಿದ್ಯಾರ್ಥಿಗಳಿಗೆ ಪಾಠ. ಚಿತ್ರ ಸೋತಿತು, ಬೆಳಕು ಉಳಿಯಿತು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಮೂರ್ತಿಯವರಿಗೆ ಬಂದಾಗ, ಛಾಯಾಗ್ರಾಹಕರೊಬ್ಬರಿಗೆ ಅದು ಸಂದದ್ದು ಅದೇ ಮೊದಲು. ಕ್ಯಾಮೆರಾ ಯಾವುದೇ ಇರಲಿ, ಅದರೊಳಗೆ ಎಷ್ಟು ಬೆಳಕು ಹೋಗುತ್ತದೆ ಎಂಬುದೇ ಮೊದಲ ಪ್ರಶ್ನೆ ಎಂದು ಮುಂಬಯಿಯ ಈ ಕನ್ನಡಿಗರಿಗಿಂತ ಚೆನ್ನಾಗಿ ತೋರಿಸಿದವರು ಕಡಿಮೆ. ಮುಂದಿನ ಲೆಕ್ಕಗಳಿಗೆಲ್ಲ ಈ ಪ್ರಶ್ನೆಯೇ ಅಳತೆಗೋಲು.

ಫಿಲ್ಮ್ ಹೋಗಿ ಸೆನ್ಸರ್ ಬಂದಾಗ ಎಸ್‌ಎಲ್‌ಆರ್‌ನ ಕನ್ನಡಿ ಜಾಗ ಬಿಡಲಿಲ್ಲ. 1991ರಲ್ಲಿ ಕೊಡಾಕ್ ಕಂಪನಿ ನಿಕಾನ್ ಎಫ್3 ಕ್ಯಾಮೆರಾದ ಬೆನ್ನಿಗೆ 13 ಲಕ್ಷ ಪಿಕ್ಸೆಲ್ಲಿನ ಸೆನ್ಸರ್ ಕಟ್ಟಿ ಮಾರಿತು. ಬೆಲೆ ಇಪ್ಪತ್ತು ಸಾವಿರ ಡಾಲರಿನ ಆಸುಪಾಸು. ಚಿತ್ರಗಳನ್ನು ತುಂಬಿಕೊಳ್ಳಲು ಹೆಗಲಿಗೆ ಬೇರೆಯೇ ಒಂದು ಪೆಟ್ಟಿಗೆ. 1999ರಲ್ಲಿ ನಿಕಾನ್ ಡಿ1 ಬಂದಿತು. 2003ರಲ್ಲಿ ಕ್ಯಾನನ್ 300ಡಿ ಬಂದಾಗ ಡಿಎಸ್‌ಎಲ್‌ಆರ್‌ನ ಬೆಲೆ ಮೊದಲ ಬಾರಿಗೆ ಸಾವಿರ ಡಾಲರಿಗಿಂತ ಕೆಳಗಿಳಿಯಿತು. ಆಮೇಲೆ 2008ರಲ್ಲಿ ಬಂದದ್ದು ನಿಕಾನ್ ಡಿ90: 1 ಕೋಟಿ 23 ಲಕ್ಷ ಪಿಕ್ಸೆಲ್, ವಿಡಿಯೊ ತೆಗೆಯಬಲ್ಲ ಮೊದಲ ಡಿಎಸ್‌ಎಲ್‌ಆರ್. ಮೊದಲ ಕೆಲಸ, ಮೊದಲ ಬೋನಸ್, ಮೊದಲ ‘ದೊಡ್ಡ ಕ್ಯಾಮೆರಾ’ ಎಂಬ ಸಾಲು ನಮ್ಮಲ್ಲಿ ಬಹಳ ಜನರಿಗೆ ಈ ಹೊತ್ತಿನದೇ. ಫೋರ್ಟಿನ ಬೋರಾ ಬಜಾರಿನಿಂದ ಕಪ್ಪು ಚೀಲ ನೇತುಹಾಕಿಕೊಂಡು ಹಾರ್ಬರ್ ಲೈನಿನ ಗಾಡಿ ಹತ್ತಿದವರು ಎಷ್ಟೋ ಮಂದಿ.

ಬ್ರಿಡ್ಜ್ ಕ್ಯಾಮೆರಾದ ವಂಶ ಬೇರೆ. 1980ರ ದಶಕದ ಕೊನೆಗೆ ಕಂಪನಿಗಳು ಒಂದು ನಡುವಿನ ದಾರಿ ಹುಡುಕಿದವು. ಜೇಬಿನ ಕ್ಯಾಮೆರಾದ ಸರಳತೆಯೂ ಬೇಕು, ಎಸ್‌ಎಲ್‌ಆರ್‌ನ ಶಕ್ತಿಯೂ ಬೇಕು, ಆದರೆ ಲೆನ್ಸು ಬದಲಿಸುವ ರಗಳೆ ಬೇಡ. 1988ರ ರಿಕೋ ಮಿರಾಯ್ ಅಂಥದ್ದು: 35ರಿಂದ 135 ಮಿ.ಮೀ. ಝೂಮ್ ಅದರ ಮೈಗೇ ಅಂಟಿಕೊಂಡಿತ್ತು. ಎರಡು ದಡಗಳ ನಡುವಿನ ಸೇತುವೆ ಎಂಬ ಅರ್ಥದಲ್ಲೇ ಇವಕ್ಕೆ ಬ್ರಿಡ್ಜ್ ಎಂಬ ಹೆಸರು ಬಿತ್ತು. ಫಿಲ್ಮಿನ ಕಾಲದಲ್ಲಿ ಈ ಸೇತುವೆ ಹೆಚ್ಚು ದೂರ ಹೋಗಲಿಲ್ಲ. ಫಿಲ್ಮಿನ ಚೌಕಟ್ಟು ದೊಡ್ಡದು. ಅದಕ್ಕೆ ತಕ್ಕ ದೂರದ ಲೆನ್ಸು ಮಾಡಿದರೆ ಮೊಳದುದ್ದ ಆಗುತ್ತಿತ್ತು.

ಡಿಜಿಟಲ್ ಬಂದ ಮೇಲೆ ಬಾಗಿಲು ತೆರೆಯಿತು. ಸೆನ್ಸರನ್ನು ಕಿರುಬೆರಳ ಉಗುರಿನಷ್ಟು ಚಿಕ್ಕದಾಗಿ ಮಾಡಬಹುದಾಗಿತ್ತು. ಸೆನ್ಸರ್ ಚಿಕ್ಕದಾದಷ್ಟೂ ಅದು ಲೆನ್ಸು ತೋರಿಸುವ ನೋಟದ ನಡುಭಾಗವನ್ನಷ್ಟೇ ಹಿಡಿಯುತ್ತದೆ. ಆದ್ದರಿಂದ ಸಣ್ಣ ಲೆನ್ಸೇ ದೊಡ್ಡ ದೂರದರ್ಶಕದಂತೆ ಕೆಲಸ ಮಾಡುತ್ತದೆ. 2000ದಲ್ಲಿ ಒಲಿಂಪಸ್ 10 ಪಟ್ಟು ಝೂಮಿನ ಡಿಜಿಟಲ್ ಕ್ಯಾಮೆರಾ ತಂದಿತು, 2002ರಲ್ಲಿ ಪ್ಯಾನಸೋನಿಕ್ 12 ಪಟ್ಟು, 2012ರಲ್ಲಿ ಕ್ಯಾನನ್ ಎಸ್‌ಎಕ್ಸ್50 ಐವತ್ತು ಪಟ್ಟು. 2015ರಲ್ಲಿ ನಿಕಾನ್ ಪಿ900 ಬಂದಿತು: 83 ಪಟ್ಟು, 24ರಿಂದ 2000 ಮಿ.ಮೀ. ಚಂದ್ರನ ಮೇಲಿನ ಕುಳಿಗಳು ಕಾಣುವ ಅದರ ವಿಡಿಯೊಗಳು ಆಗ ಎಲ್ಲರ ಫೋನಿನಲ್ಲೂ ಓಡಾಡಿದವು. ಆದರೆ ಪೆಟ್ಟಿಗೆಯ ಮೇಲೆ ಬರೆದ 2000 ಎಂಬುದು ಹೋಲಿಕೆಯ ಸಂಖ್ಯೆ. ಲೆನ್ಸಿನ ನಿಜವಾದ ಉದ್ದಳತೆ ಕೊನೆಯಲ್ಲಿ 357 ಮಿ.ಮೀ. ಮಾತ್ರ. ಡಿ90ರ ಸೆನ್ಸರ್ ಪಿ900ರದಕ್ಕಿಂತ ವಿಸ್ತೀರ್ಣದಲ್ಲಿ ಸುಮಾರು 13 ಪಟ್ಟು ದೊಡ್ಡದು.

ಈ ಎರಡನ್ನೂ ಈಗ ಖಾಡಿಯ ದಡಕ್ಕೆ ಒಯ್ಯೋಣ. ಶಿವಡಿಯಿಂದ ಮಾಹುಲ್‌ವರೆಗಿನ ಕೆಸರು ಬಯಲಿಗೆ ಫ್ಲೆಮಿಂಗೊಗಳು ದೊಡ್ಡ ಸಂಖ್ಯೆಯಲ್ಲಿ ಬರತೊಡಗಿದ್ದು 1990ರ ದಶಕದಲ್ಲಿ. ಹತ್ತಿರದ ಠಾಣೆ ಖಾಡಿಯನ್ನು 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವೆಂದು ಘೋಷಿಸಲಾಯಿತು. 2022ರಲ್ಲಿ ಅದು ರಾಮ್ಸಾರ್ ಪಟ್ಟಿಗೂ ಸೇರಿತು. ಕಾಂಡ್ಲಾ ಗಿಡಗಳ ಆಚೆ ಕೆಸರು, ಕೆಸರಿನ ಆಚೆ ಹಕ್ಕಿ. ನೀರು ಏರುವಾಗ ಅವು ದಡದತ್ತ ಸರಿಯುತ್ತವೆ, ಇಳಿದಾಗ ದೂರ ಹೋಗುತ್ತವೆ. ನಮ್ಮ ತೇಜಸ್ವಿಯವರ ತಲೆಮಾರಿನವರು ಹಕ್ಕಿಯ ಚಿತ್ರಕ್ಕಾಗಿ ಮರೆ ಕಟ್ಟಿ, ಗಂಟೆಗಟ್ಟಲೆ ಕಾದು, ಅಂತರವನ್ನು ತಾಳ್ಮೆಯಿಂದ ಕಡಿಮೆ ಮಾಡಿಕೊಳ್ಳುತ್ತಿದ್ದರು. ಇಲ್ಲಿ ಆ ದಾರಿಯಿಲ್ಲ. ಕೆಸರಿಗಿಳಿದರೆ ಮೊಣಕಾಲವರೆಗೆ ಹೂತುಹೋಗುತ್ತೇವೆ, ಹಕ್ಕಿಯೂ ಹಾರಿಹೋಗುತ್ತದೆ.

ಡಿ90ಕ್ಕೆ ಜನ ಸಾಮಾನ್ಯವಾಗಿ ಹಾಕುತ್ತಿದ್ದ ದೂರದ ಲೆನ್ಸು 70-300 ಮಿ.ಮೀ. ಎರಡೂ ಸೇರಿ ಹತ್ತಿರಹತ್ತಿರ ಒಂದೂವರೆ ಕಿಲೊ. ಪಿ900ರ ತೂಕ 900 ಗ್ರಾಂ. ಒಂದೇ ಹಕ್ಕಿಯನ್ನು ಒಂದೇ ಕಡೆಯಿಂದ ತೆಗೆದು, ಪಿ900ರ ಚೌಕಟ್ಟಿನಷ್ಟಕ್ಕೆ ಡಿ90ರ ಚಿತ್ರವನ್ನು ಕತ್ತರಿಸಿದರೆ ಉಳಿಯುವುದು ಸುಮಾರು 6 ಲಕ್ಷ ಪಿಕ್ಸೆಲ್. ಪಿ900 ಅದೇ ಚೌಕಟ್ಟಿಗೆ 1 ಕೋಟಿ 60 ಲಕ್ಷ ಕೊಡುತ್ತದೆ. ‘ದೊಡ್ಡ ಸೆನ್ಸರಿಗೆ ಬೆಳಕು ಹೆಚ್ಚು ಸಿಗುತ್ತದಲ್ಲ’ ಎಂದು ಡಿಎಸ್‌ಎಲ್‌ಆರ್ ಪಕ್ಷದವರು ಕೇಳಬಹುದು. ಲೆಕ್ಕ ಹಾಕೋಣ. ಲೆನ್ಸಿನ ಉದ್ದಳತೆಯನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಬೆಳಕು ಒಳಬರುವ ಕಿಂಡಿಯ ಅಗಲ ಸಿಗುತ್ತದೆ. ಡಿ90ರ ಲೆನ್ಸಿನಲ್ಲಿ 300ನ್ನು 5.6ರಿಂದ ಭಾಗಿಸಿದರೆ ಸುಮಾರು 54 ಮಿ.ಮೀ. ಪಿ900ರಲ್ಲಿ 357ನ್ನು 6.5ರಿಂದ ಭಾಗಿಸಿದರೆ ಸುಮಾರು 55 ಮಿ.ಮೀ. ಎರಡೂ ಒಂದೇ! ಆ ಹಕ್ಕಿಯ ಮೈಯಿಂದ ಬರುವ ಬೆಳಕನ್ನು ಎರಡೂ ಕ್ಯಾಮೆರಾಗಳು ಸರಿಸುಮಾರು ಒಂದೇ ಪ್ರಮಾಣದಲ್ಲಿ ಕುಡಿಯುತ್ತವೆ. ಅಲ್ಲಿಗೆ ಈ ಕಿನಾರೆಯಲ್ಲಿ ದೊಡ್ಡ ಸೆನ್ಸರಿನ ದೊಡ್ಡಸ್ತಿಕೆ ಮುಗಿಯಿತು.

ಹಾಗೆಂದು ಕೋಟಿ ಪಿಕ್ಸೆಲ್ಲಿನಲ್ಲೂ ಕೋಟಿ ವಿವರ ಇರುವುದಿಲ್ಲ. 55 ಮಿ.ಮೀ. ಕಿಂಡಿಯ ಮೂಲಕ ಬೆಳಕು ಎಷ್ಟು ಸೂಕ್ಷ್ಮವಾಗಿ ನಿಲ್ಲಬಲ್ಲದು ಎಂಬುದಕ್ಕೆ ಭೌತಶಾಸ್ತ್ರದ್ದೇ ಮಿತಿಯಿದೆ. ಬಿಸಿಲೇರಿದ ಮೇಲೆ ಕೆಸರಿನಿಂದೇಳುವ ಝಳಕ್ಕೆ 2000 ಮಿ.ಮೀ.ನಲ್ಲಿ ಹಕ್ಕಿ ನೀರೊಳಗಿನ ಪ್ರತಿಬಿಂಬದಂತೆ ನಡುಗುತ್ತದೆ. ಇಡೀ ಹಿಂಡು ಒಮ್ಮೆಲೇ ಮೇಲೆದ್ದರೆ ಡಿ90ರ ಕನ್ನಡಿಯಲ್ಲಿ ಅದು ಆ ಕ್ಷಣದಲ್ಲೇ ಕಾಣುತ್ತದೆ. ಪಿ900 ಏಳು ಚಿತ್ರ ಸರಸರನೆ ತೆಗೆದು, ಅವನ್ನು ಬರೆದಿಟ್ಟುಕೊಳ್ಳಲು ನಿಂತುಬಿಡುತ್ತದೆ. ಇನ್ನೊಂದು ಮಾತು: 1950ರ ದಶಕದಿಂದ ಮಾಹುಲ್‌ನಲ್ಲಿ ತೈಲಾಗಾರಗಳಿವೆ, ಪಕ್ಕದ ಟ್ರಾಂಬೆಯಲ್ಲಿ ಅಣುಕೇಂದ್ರವಿದೆ. ಇಷ್ಟು ದೂರ ನೋಡುವ ಕ್ಯಾಮೆರಾವನ್ನು ಯಾವ ದಿಕ್ಕಿಗೆ ತಿರುಗಿಸುತ್ತೇವೆ ಎಂಬ ಎಚ್ಚರ ಇಲ್ಲಿ ಇರಬೇಕು. ಇಷ್ಟೆಲ್ಲ ಇದ್ದರೂ, ನಿಂತು ಮೇಯುವ ಹಕ್ಕಿಯ ಮುಂದೆ, ಬೆಳಗಿನ ತಿಳಿ ಬೆಳಕಿನಲ್ಲಿ, ಖಾಡಿ ಸೂಪರ್‌ಝೂಮಿನದೇ.

ಇನ್ನು ಸಭಾಂಗಣದ ಒಳಗೆ ಬರೋಣ. ಚಂಡೆ ಏರಿದೆ, ವೇಷಧಾರಿ ಧಿಗಿಣ ಹಾಕುತ್ತಿದ್ದಾನೆ. ಕಿರೀಟದ ಹೊಳಪು, ಮುಖವರ್ಣಿಕೆ, ಸುತ್ತ ಕತ್ತಲೆ. ಸುತ್ತುವ ದೇಹವನ್ನು ನಿಲ್ಲಿಸಬೇಕಾದರೆ ಶಟರ್ ಸೆಕೆಂಡಿನ 250ನೇ ಒಂದು ಭಾಗವಾದರೂ ವೇಗವಾಗಿರಬೇಕು. ಡಿ90ಕ್ಕೆ 50 ಮಿ.ಮೀ., ಎಫ್ 1.8ರ ಅಗ್ಗದ ಲೆನ್ಸು ಹಾಕಿದರೆ ಕಿಂಡಿಯ ಅಗಲ 28 ಮಿ.ಮೀ. ಅದೇ ನೋಟಕ್ಕೆ ಪಿ900ರ ಲೆನ್ಸು ನಿಜದಲ್ಲಿ 13 ಮಿ.ಮೀ. ಚಿಲ್ಲರೆಯಲ್ಲಿರುತ್ತದೆ. ಅದರ ಅತ್ಯುತ್ತಮ ಎಫ್ 2.8ನ್ನೇ ಉದಾರವಾಗಿ ಕೊಟ್ಟರೂ ಕಿಂಡಿ 5 ಮಿ.ಮೀ. ದಾಟುವುದಿಲ್ಲ. ವಿಸ್ತೀರ್ಣದಲ್ಲಿ ವ್ಯತ್ಯಾಸ 30 ಪಟ್ಟಿಗೂ ಹೆಚ್ಚು. ಹೊಸ ಸೆನ್ಸರ್ ಬೆಳಕನ್ನು ಸ್ವಲ್ಪ ಜಾಣತನದಿಂದ ಬಳಸುತ್ತದೆ, ನಿಜ. ಆದರೆ 30 ಪಟ್ಟನ್ನು ಯಾವ ಜಾಣತನವೂ ತುಂಬಿಕೊಡದು. ಡಿ90 ಸೆಕೆಂಡಿನ 250ನೇ ಭಾಗದಲ್ಲಿ ಹಿಡಿದಷ್ಟು ಬೆಳಕಿಗೆ ಪಿ900 ಸೆಕೆಂಡಿನ ಎಂಟನೇ ಭಾಗದಷ್ಟು ಹೊತ್ತು ಕಣ್ಣು ತೆರೆದಿರಬೇಕು. ಅಷ್ಟರಲ್ಲಿ ವೇಷಧಾರಿ ಬಣ್ಣದ ಹೊಗೆಯಾಗಿರುತ್ತಾನೆ. ಒಂದೇ ಒಂದು ವಿಷಯದಲ್ಲಿ ಇಲ್ಲೂ ಹೊಸದಕ್ಕೆ ಮೇಲುಗೈ: ಡಿ90ರ ಎಚ್‌ಡಿ ವಿಡಿಯೊ ಐದು ನಿಮಿಷಕ್ಕೆ ನಿಂತುಬಿಡುತ್ತದೆ, ಒಂದು ಭಾಗವತಿಕೆಯ ಪದ್ಯಕ್ಕೂ ಕೆಲವೊಮ್ಮೆ ಸಾಲದು.

ಮೂರನೆಯ ಪರೀಕ್ಷೆ ಕಾಲದ್ದು. ಮುಂಬಯಿಯ ಮಳೆಗಾಲದ ತೇವಕ್ಕೆ ಲೆನ್ಸಿನ ಗಾಜಿನ ಮೇಲೆ ಜೇಡರ ಬಲೆಯಂತೆ ಫಂಗಸ್ ಹಬ್ಬುತ್ತದೆ. ಡಿಎಸ್‌ಎಲ್‌ಆರ್ ಆದರೆ ಆ ಒಂದು ಲೆನ್ಸನ್ನು ಬಿಚ್ಚಿ ರಿಪೇರಿಗೆ ಕೊಡಬಹುದು, ಇಲ್ಲವೇ ಬೇರೆ ಹಾಕಬಹುದು. ಬ್ರಿಡ್ಜ್ ಕ್ಯಾಮೆರಾದಲ್ಲಿ ಲೆನ್ಸು ಕೆಟ್ಟರೆ ಕ್ಯಾಮೆರಾವೇ ಕೆಟ್ಟಂತೆ. ಮುಂದೆ ಚಾಚುವ ಕೊಳವೆಯೊಳಗೆ ಧೂಳು ಸೇರಿದರೂ ಅದೇ ಪಾಡು. 1959ರ ನಿಕಾನ್ ಎಫ್‌ನ ಲೆನ್ಸಿನ ಬಾಯಿಯ ಅಳತೆಯೇ ಡಿ90ರದೂ ಆಗಿರುವುದರಿಂದ, 1977ರ ನಂತರದ ಎಐ ಲೆನ್ಸುಗಳು ಅದರ ಮೇಲೆ ಇಂದಿಗೂ ಕೂರುತ್ತವೆ. ಬೆಳಕಿನ ಅಂದಾಜು ಮಾತ್ರ ನಾವೇ ಮಾಡಬೇಕು. ಇದಲ್ಲದೆ ಡಿ90 ಸೆನ್ಸರ್ ಕಂಡ ಕಚ್ಚಾ ಮಾಹಿತಿಯನ್ನು ರಾ ಕಡತವಾಗಿ ಉಳಿಸಿಕೊಡುತ್ತದೆ. ಪಿ900 ಅಡುಗೆ ಮಾಡಿದ ಜೆಪೆಗ್ ಮಾತ್ರ ಕೊಡುತ್ತದೆ. 2018ರ ಪಿ1000, 2020ರ ಪಿ950 ಬಂದ ಮೇಲೆಯೇ ಆ ಕೊರತೆ ನೀಗಿದ್ದು.

ಕ್ಯಾಮೆರಾ ಮಾರುವ ಮುಂಚೆ ಯೋಚಿಸಬೇಕಾದದ್ದು ಇದನ್ನೇ. ಮಾಟುಂಗದ ಮೈಸೂರು ಅಸೋಸಿಯೇಷನ್ 1926ರದು. ಅಂದಿನಿಂದ ಈ ನಗರದಲ್ಲಿ ಕನ್ನಡಿಗರು ಕಟ್ಟಿದ ಸಂಘಗಳು, ರಾತ್ರಿ ಶಾಲೆಗಳು, ಯಕ್ಷಗಾನ ಮಂಡಳಿಗಳ ನೆನಪು ಬಹುಪಾಲು ಮಾಸಿದ ಗುಂಪು ಚಿತ್ರಗಳಲ್ಲಿದೆ. ಚೆಂಬೂರಿನ ಆರ್‌.ಕೆ. ಸ್ಟುಡಿಯೊದಂಥ ಹೆಸರುವಾಸಿ ಜಾಗವೇ 2017ರ ಬೆಂಕಿಗೆ ಸಿಕ್ಕಿ, 2019ರಲ್ಲಿ ಮಾರಾಟವಾಗಿ ಹೋಯಿತು. ಅದರ ಚಿತ್ರಗಳಿಗೇನೋ ಕಾಯುವವರಿದ್ದಾರೆ. ಸಣ್ಣ ಸಭಾಂಗಣದಲ್ಲಿ ರಾತ್ರಿಯಿಡೀ ಕುಣಿದವನ ಚಿತ್ರವನ್ನು ಯಾವ ಸಂಸ್ಥೆ ಕಾಯುತ್ತದೆ? ಅದನ್ನು ತೆಗೆಯುವವರು ಮುಂದಿನ ಸಾಲಿನಲ್ಲಿ ಕೂತ ನಾವೇ. ಅಲ್ಲಿ ಬೇಕಾದ ಉಪಕರಣ ಬಹಳ ಮನೆಗಳಲ್ಲಿ ಆಗಲೇ ಇದೆ, ಬೆಲೆ ತೆತ್ತು ಮುಗಿದಿದೆ.

ಈಗ ಎರಡೂ ವಂಶಗಳು ಇಳಿಹೊತ್ತಿನಲ್ಲಿವೆ. ಕನ್ನಡಿಯಿಲ್ಲದ ಕ್ಯಾಮೆರಾಗಳು ಡಿಎಸ್‌ಎಲ್‌ಆರ್‌ನ ಜಾಗ ಹಿಡಿದವು, ಬ್ರಿಡ್ಜ್‌ನ ಜಾಗಕ್ಕೆ ಫೋನುಗಳು ಕೈಹಾಕಿವೆ. ಹಾಗಾಗಿ ಯಾವುದು ಗೆದ್ದಿತು ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಹಕ್ಕಿಯ ಹುಚ್ಚಿದ್ದರೆ, ಕಾಸೂ ಕೂಡಿದ್ದರೆ, ಸೂಪರ್‌ಝೂಮ್ ಕೊಳ್ಳಿ. ಆದರೆ ಅದಕ್ಕಾಗಿ ಹಳೆಯದನ್ನು ಮೂರು ಕಾಸಿಗೆ ಕೊಡಬೇಡಿ. ಅಷ್ಟೇ ದುಡ್ಡಿಗೆ ಒಂದು 50 ಮಿ.ಮೀ. ಲೆನ್ಸು ಹುಡುಕಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ, ಬ್ಯಾಟರಿಯನ್ನು ಆಗಾಗ ಚಾರ್ಜ್ ಮಾಡಿ. ಮುಂದಿನ ಆಟಕ್ಕೆ ಹೋಗುವಾಗ ಒಯ್ದು, ತೆಗೆದ ಚಿತ್ರಗಳಿಗೆ ತಾರೀಕು, ಪ್ರಸಂಗದ ಹೆಸರು, ಕಲಾವಿದರ ಹೆಸರು ಬರೆದು ಸಂಘದವರ ಕೈಗೂ ಒಂದು ಪ್ರತಿ ಕೊಡಿ. ಫ್ಲೆಮಿಂಗೊಗಳ ಚಿತ್ರ ತೆಗೆಯುವವರು ಈ ನಗರದಲ್ಲಿ ಸಾವಿರಾರು ಜನ ಇದ್ದಾರೆ. ಆ ವೇಷಧಾರಿಯ ಚಿತ್ರ ನಾವು ತೆಗೆಯದಿದ್ದರೆ ಇನ್ನೊಬ್ಬರು ತೆಗೆಯುವುದು ಅನುಮಾನ.