ಸೋಜುಗದ ಬೇರು ಅಂಜಿಕೆಯೆ?

ತಿಂಡಿ ರುಚಿಯಾಗಿದ್ದರೂ ‘ಆಸಮ್’, ಸಿನಿಮಾ ಹಿಡಿಸಿದರೂ ‘ಆಸಮ್’. ಇಂಗ್ಲಿಷಿನ ಈ ಮಾತಿನ ಬುಡದಲ್ಲಿರುವುದು ಸ್ಕಾಂಡಿನೇವಿಯದ ಹಳೆಯ ನುಡಿಯ ‘ಅಗಿ’, ಅಂದರೆ ಅಂಜಿಕೆ. 16ನೇ ಶತಮಾನದ ಕೊನೆಯಲ್ಲಿ ‘ಆಸಮ್’ ಭಯಭಕ್ತಿಯ ಮಾತಾಗಿತ್ತು. ಬರಿಯ ಮೆಚ್ಚುಗೆಯಾದದ್ದು ತೀರಾ ಈಚೆಗೆ, 20ನೇ ಶತಮಾನದ ಉತ್ತರಾರ್ಧದಲ್ಲಿ. ಅದೇ ಬೇರಿನ ‘ಆಫುಲ್’ ಮಾತ್ರ ಕೆಟ್ಟದ್ದರ ಕಡೆಗೆ ಜಾರಿತು. ಇದನ್ನು ನುಡಿ ಸವೆದದ್ದರ ಗುರುತೆಂದು ಮೂಗು ಮುರಿಯುವವರು ಒಮ್ಮೆ ದಿಂಬಂ ಘಾಟಿಯ 27 ತಿರುವು ಹತ್ತಿ ತಾಳವಾಡಿಗೆ ಬರಬೇಕು. ಘಾಟಿಯ ಕೆಳಗೆ ತಮಿಳಿನಲ್ಲಿ ‘ಬಯಂಗರಮ್’, ಮೇಲೆ ಕನ್ನಡದಲ್ಲಿ ‘ಭಯಂಕರ’. ಊಟ ಭಯಂಕರ ಚೆನ್ನಾಗಿತ್ತು ಎಂದರೆ ಉಂಡವರು ಯಾರೂ ಹೆದರಿರುವುದಿಲ್ಲ. ನಾವು ದಿನಕ್ಕೆ ಹತ್ತು ಸಲ ಆಡುವ ‘ಸಖತ್’ ಕೂಡ ಪಾರಸಿಯಲ್ಲಿ ಗಡಸು, ಕಠಿಣ ಎಂಬ ಅರ್ಥದ್ದೇ. ಅಂಜಿಸುವುದು, ಬೆರಗುಗೊಳಿಸುವುದು ಎರಡೂ ಮನಸ್ಸನ್ನು ತಡೆದು ನಿಲ್ಲಿಸುತ್ತವೆ. ಹಾಗಾಗಿ ಒಂದರ ಮಾತು ಇನ್ನೊಂದಕ್ಕೆ ಸಲ್ಲುತ್ತದೆ.

ಆದರೆ ಭರತನ ನಾಟ್ಯಶಾಸ್ತ್ರ ಇವೆರಡನ್ನೂ ಬೇರೆಯಿಟ್ಟಿದೆಯಲ್ಲ ಎಂದು ಕೇಳಬಹುದು. ಅಲ್ಲಿ ಅದ್ಭುತ ಹುಟ್ಟುವುದು ವೀರದಿಂದ, ಭಯಾನಕ ಹುಟ್ಟುವುದು ಬೀಭತ್ಸದಿಂದ. ನಿಜ, ಆದರೆ ಅದು ರಂಗಕ್ಕೆ ಹಾಕಿಕೊಟ್ಟ ಲೆಕ್ಕ. ಹುಲಿವಾಹನನಾದ ಮಾದಪ್ಪನಿಗೆ ನಡೆದುಕೊಳ್ಳುವ ಈ ಮಲೆಸೀಮೆಯಲ್ಲಿ ಅಂಜಿಕೆಯೂ ಅಚ್ಚರಿಯೂ ಒಂದೇ ದೇವರ ಮುಂದೆ ಕೈಮುಗಿಯುತ್ತವೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಆ ಮಾದಪ್ಪನ ಹಾಡಿನಲ್ಲೇ ಇದೆ. ಕಂಸಾಳೆಯವರು ಸೂಜಿಮಲ್ಲಿಗೆಗೆ ತೊಡಿಸುವ ವಿಶೇಷಣ ‘ಸೋಜುಗ’. ಅದರಲ್ಲಿ ಅಂಜಿಕೆಯ ಸೋಂಕೇ ಇಲ್ಲ. ಸೋಜುಗವೆಂದರೆ ಸೋಜಿಗ, ಅದು ಸಂಸ್ಕೃತದ ‘ಚೋದ್ಯ’ದ ತದ್ಭವ, ಚೋದ್ಯವೆಂದರೆ ವಾದದಲ್ಲಿ ಎದುರಾಳಿ ಎತ್ತುವ ಪ್ರಶ್ನೆ. ಹಾಗಾದರೆ ಬೆರಗಿನ ಮಾತೆಲ್ಲ ಭಯದಿಂದಲೇ ಹುಟ್ಟಿತೆನ್ನುವುದು ಅತಿಯಾಯಿತು, ಒಪ್ಪಬೇಕು. ಉತ್ತರ ತೋಚದೆ ನಿಂತ ಮನಸ್ಸಿನಿಂದಲೂ ಅದು ಹುಟ್ಟುತ್ತದೆ. ಆದರೆ ನುಡಿ ಸವೆಯಿತೆಂದು ದೂರುವವರಿಗೆ ಇದರಿಂದ ಬಲ ಬರುವುದಿಲ್ಲ. ತರ್ಕದ ಆಕ್ಷೇಪವೊಂದು ಜಾರುತ್ತ ಜಾರುತ್ತ ಬಂದು ಹೂವಿಗೆ ಅಂಟಿಕೊಂಡಿತು. ಸವೆದೇ ಅದು ಇಷ್ಟು ನಯವಾದದ್ದು. ‘ಆಸಮ್’ ಹಿಡಿದದ್ದೂ ಇದೇ ದಾರಿ.

ಮಾತು ಹೀಗೆ ಊರೂರು ದಾಟುವಾಗ ಗಡಿ ಕೇಳುವುದಿಲ್ಲ. 1956ರ ನವೆಂಬರ್ 1ರಂದು ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯಿಂದ ಮೈಸೂರು ರಾಜ್ಯಕ್ಕೆ ಬಂತು, ತಾಳವಾಡಿ ಮದ್ರಾಸ್ ರಾಜ್ಯದಲ್ಲೇ ಉಳಿಯಿತು. ಮಾದಪ್ಪನ ಒಕ್ಕಲು ಎರಡೂ ಕಡೆ ಇದೆ.