ಬಳಪದ ಕಲ್ಲು, ಬಿಳಿ ಹಾಳೆ: ಪ್ರೌಢಶಾಲೆಯ ಚಿತ್ರಕಲಾ ಪಠ್ಯ ನಡೆದು ಬಂದ ದಾರಿ

ಯಾವ ಊರಿನ ಮಕ್ಕಳಿಗಾದರೂ ಒಂದು ಹಾಳೆ ಕೊಟ್ಟು ‘ನಿಮ್ಮೂರಿನ ಚಿತ್ರ ಬರೀರಿ’ ಅನ್ನಿ. ಎರಡು ಮುಕ್ಕೋನದ ಬೆಟ್ಟ, ನಡುವೆ ಮೂಡುವ ಸೂರ್ಯ, ಕೆಳಗೆ ಹೊಳೆ, ಪಕ್ಕದಲ್ಲೊಂದು ಗುಡಿಸಲು. ಮಂಡ್ಯ ತಾಲ್ಲೂಕಿನ ಕೆರಗೋಡಿನ ಕಡೆ ಕಣ್ಣಿಗೆ ಬೀಳುವುದು ಕಬ್ಬು, ಭತ್ತದ ಗದ್ದೆ, ಆಲೆಮನೆಯ ಹೊಗೆ. ಹಾಳೆಯ ಮೇಲೆ ಮಾತ್ರ ಎಲ್ಲಿಯದೋ ಬೆಟ್ಟ ಬಂದು ಕೂರುತ್ತದೆ. ಇದು ಮಗುವಿನ ತಪ್ಪಲ್ಲ. ಚಿತ್ರ ನೋಡಿ ಚಿತ್ರ ಬರೆಯುವುದನ್ನು ನಾವು ಕಲಿಸಿದ್ದೇವೆ, ಊರು ನೋಡಿ ಬರೆಯುವುದನ್ನು ಕಲಿಸಿಲ್ಲ.

ಈ ರೂಢಿಯ ಬೇರು ಹಳೆಯದು. 1850ರ ದಶಕದಲ್ಲಿ ಮದರಾಸು, ಕಲ್ಕತ್ತಾ, ಮುಂಬಯಿಗಳಲ್ಲಿ ಕಲಾಶಾಲೆಗಳು ತೆರೆದವು. ಅವು ಮುಂದೆ ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ಪದ್ಧತಿಯನ್ನು ಅನುಸರಿಸಿದವು. ರಿಚರ್ಡ್ ರೆಡ್‌ಗ್ರೇವ್ ರೂಪಿಸಿದ ಆ ಪಠ್ಯಕ್ಕೆ 23 ಮೆಟ್ಟಿಲು. ಮೊದಲ ಮೆಟ್ಟಿಲೇ ಗೆರೆಯ ನಕಲು. ಕಾರ್ಖಾನೆಗೆ, ನಕಾಶೆಯ ಕೆಲಸಕ್ಕೆ ಪಳಗಿದ ಕೈ ಬೇಕಿತ್ತು. ಮೈಸೂರಿನಲ್ಲಿ 1906ರಲ್ಲಿ ಅಡಿಗಲ್ಲು ಬಿದ್ದ ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್‌ನಲ್ಲೂ ಕಲೆ ಮತ್ತು ಕಸುಬು ಒಂದೇ ಸೂರಿನಡಿ ಇದ್ದವು. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ ಕಡೆ ಎಲಿಮೆಂಟರಿ, ಇಂಟರ್‌ಮೀಡಿಯಟ್ ಡ್ರಾಯಿಂಗ್ ಪರೀಕ್ಷೆ. ನಮ್ಮ ಮೈಸೂರು ಕಡೆ ಲೋಯರ್, ಹೈಯರ್. ಎಸ್ಸೆಸ್ಸೆಲ್ಸಿ ಮಂಡಳಿಯ ಡ್ರಾಯಿಂಗ್ ಗ್ರೇಡ್ ಪರೀಕ್ಷೆ ಆ ಕಾಲದ ನೆನಪನ್ನು ಇನ್ನೂ ಹೊತ್ತಿದೆ.

ಆ ಪದ್ಧತಿಯನ್ನು ಬೈಯುವುದು ಸುಲಭ. ನಾನು ಬೈಯಲಾರೆ. ಕಪ್ಪುಹಲಗೆಯ ಮೇಲೆ ಕೈ ಎತ್ತದೆ ಒಂದೇ ಗೆರೆಯಲ್ಲಿ ಮಡಕೆಯ ಹೊಟ್ಟೆ ತಿದ್ದುತ್ತಿದ್ದ ಡ್ರಾಯಿಂಗ್ ಮೇಷ್ಟ್ರು ಮಕ್ಕಳಿಗೆ ಕೊಟ್ಟದ್ದು ಸಣ್ಣ ವಿದ್ಯೆಯಲ್ಲ. ಆದರೆ ಆ ಮಡಕೆ ಯಾರದು, ಯಾವ ಮಣ್ಣಿನದು ಎಂದು ಪಠ್ಯ ಕೇಳಲಿಲ್ಲ.

ಕೇಳಿದವರು ಶಾಲೆಯ ಪಠ್ಯದ ಆಚೆ ಇದ್ದರು. ಮೈಸೂರು ಅರಮನೆಯ ಆಶ್ರಯದಲ್ಲಿ ಬೆಳೆದ ಕೆ. ವೆಂಕಟಪ್ಪ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ಎ.ಎನ್. ಸುಬ್ಬರಾಯರು 1919ರಲ್ಲಿ ಬೆಂಗಳೂರಿನಲ್ಲಿ ಕಲಾಮಂದಿರ ಕಟ್ಟಿದರು. ಧಾರವಾಡದಲ್ಲಿ ಡಿ.ವಿ. ಹಾಲಭಾವಿ, ಗದಗಿನಲ್ಲಿ ಟಿ.ಪಿ. ಅಕ್ಕಿ, ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಆರ್.ಎಂ. ಹಡಪದ್, ಚಿತ್ರಕಲಾ ಪರಿಷತ್ತಿನಲ್ಲಿ ಎಂ.ಎಸ್. ನಂಜುಂಡರಾವ್ ಕಲಾವಿದರ ತಲೆಮಾರುಗಳನ್ನೇ ಬೆಳೆಸಿದರು. ಅತ್ತ ವಿಯೆನ್ನಾದಲ್ಲಿ ಫ್ರಾಂಜ್ ಚಿಜೆಕ್ ಮಗುವಿನ ಚಿತ್ರವೂ ಕಲೆಯೇ ಎಂದು ಸಾಧಿಸಿದ್ದರು. ಸೇವಾಗ್ರಾಮದಲ್ಲಿ ದೇವಿಪ್ರಸಾದ್ ಅದನ್ನು ಹಳ್ಳಿಯ ಮಕ್ಕಳ ಜೊತೆ ಮಾಡಿ ತೋರಿಸಿದರು. ಹಳ್ಳಿ ಹೈಸ್ಕೂಲಿನ ಚಿತ್ರಕಲೆಯ ಪಿರಿಯಡ್ಡಿಗೆ ಇದರಲ್ಲಿ ಇಳಿದು ಬಂದದ್ದು ಬಹಳ ಕಡಿಮೆ.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೇ ತರಗತಿಯವರೆಗೂ ಕಲೆ ಕಡ್ಡಾಯವಾಗಲಿ ಎಂದಿತು. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ‘ಕಲಿ-ಕಲಿಸು’ ಕಾರ್ಯಕ್ರಮದ ಮೂಲಕ ಸರ್ಕಾರಿ ಶಾಲೆಗಳ ಶಿಕ್ಷಕರ ಜೊತೆ ನಿಂತು, ಸುತ್ತಲಿನ ಕಲೆ ತರಗತಿಯೊಳಗೆ ಬರಬಹುದೆಂದು ತೋರಿಸಿತು. 2020ರ ಶಿಕ್ಷಣ ನೀತಿ ಎಲ್ಲ ವಿಷಯಗಳಲ್ಲೂ ಕಲೆಯನ್ನು ಬೆರೆಸಿ ಎಂದಿತು. 2023ರ ಚೌಕಟ್ಟು ಕಲೆಗೆ ಗಣಿತ, ವಿಜ್ಞಾನಗಳ ಪಕ್ಕದಲ್ಲೇ ಜಾಗ ಕೊಟ್ಟಿತು. ಕರ್ನಾಟಕ ತನ್ನದೇ ನೀತಿಗಾಗಿ ಸುಖದೇವ್ ಥೋರಟ್ ಅಧ್ಯಕ್ಷತೆಯ ಆಯೋಗ ನೇಮಿಸಿತು. 2025ರ ಆಗಸ್ಟ್‌ನಲ್ಲಿ ಅದರ ವರದಿಯೂ ಬಂತು.

ಕಾಗದದ ಮೇಲೆ ಕಲೆಗೆ ಇಷ್ಟು ಗೌರವ. ಎಸ್ಸೆಸ್ಸೆಲ್ಸಿಯ ಅಂಕಗಳಲ್ಲಿ ಮಾತ್ರ ಚಿತ್ರಕಲೆಗೆಂದು ಮೀಸಲಾದ ಒಂದಂಕವೂ ಇಲ್ಲ. ಅಂಕವಿಲ್ಲದ ವಿಷಯದ ಪಿರಿಯಡ್ಡು ಜನವರಿ ಬಂದರೆ ಯಾರ ಪಾಲಾಗುತ್ತದೆ ಎಂಬುದು ಶಿಕ್ಷಕರಿಗೆಲ್ಲ ಗೊತ್ತು. ಅದಕ್ಕಿಂತ ದೊಡ್ಡ ಪೆಟ್ಟು 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿದೆ. ಆರರಿಂದ ಎಂಟನೇ ತರಗತಿಗೆ ಅದು ಹೇಳುವುದು ಅರೆಕಾಲಿಕ ಕಲಾ ಬೋಧಕರ ಮಾತು, ಅದೂ ಮಕ್ಕಳ ಸಂಖ್ಯೆ 100 ದಾಟಿದರೆ. ತೊಂಬತ್ತು ಮಕ್ಕಳ ಹಳ್ಳಿ ಶಾಲೆಗೆ ಡ್ರಾಯಿಂಗ್ ಮೇಷ್ಟ್ರು ಬೇಡವೇ? ಅಲ್ಲಿ ಕೈ ಪಳಗದ ಮಗು ಹೈಸ್ಕೂಲಿಗೆ ಬಂದಾಗ ಪಠ್ಯ ಎಷ್ಟು ಚೆನ್ನಾಗಿದ್ದರೇನು? ‘ಎಲ್ಲ ವಿಷಯದಲ್ಲೂ ಕಲೆ’ ಎಂಬ ಮಾತು ‘ಕಲಾ ಶಿಕ್ಷಕ ಬೇಡ’ ಎಂದು ಓದಿಸಿಕೊಳ್ಳುವ ಅಪಾಯ ಇಲ್ಲಿದೆ.

ಪಠ್ಯ ಪರಿಷ್ಕರಿಸುವವರು ಒಮ್ಮೆ ಕೆರಗೋಡಿನ ಕಡೆಯಿಂದ ಯೋಚಿಸಲಿ. ಇದೇ ತಾಲ್ಲೂಕಿನ ಇನ್ನೊಂದು ಹೋಬಳಿ ಬಸರಾಳು. ಅಲ್ಲಿ 1234ರಲ್ಲಿ ಹರಿಹರ ದಣ್ಣಾಯಕ ಕಟ್ಟಿಸಿದ ಹೊಯ್ಸಳರ ಮಲ್ಲಿಕಾರ್ಜುನ ಗುಡಿ ಇದೆ. ಕಲ್ಲು ಬಳಪದ ಕಲ್ಲು, ಮಗು ಸ್ಲೇಟಿನ ಮೇಲೆ ‘ಅ’ ತಿದ್ದಿದ ಬಳಪದ ಜಾತಿಯದೇ. ಗೋಡೆಯ ಬುಡದಲ್ಲಿ ಸಾಲಾನೆ, ಅದರ ಮೇಲೆ ಕುದುರೆ, ಬಳ್ಳಿಯ ಸುರುಳಿ, ಪುರಾಣದ ಕಥೆ, ಮಕರ, ಹಂಸ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಆ ಸಾಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಎರಡೇ ಆನೆ ಬರೆಯಲಿ. ಒಂದರ ಸೊಂಡಿಲು ಇನ್ನೊಂದರಂತಿಲ್ಲ ಎಂದು ಪೆನ್ಸಿಲೇ ಹೇಳಿಕೊಡುತ್ತದೆ. ಹಳೆಯ ಪಠ್ಯದ ಗೆರೆಯ ಶಿಸ್ತು, ಹೊಸ ಪಠ್ಯದ ‘ಸ್ಥಳೀಯತೆ’ ಎರಡೂ ಅಲ್ಲಿ ಕೂಡುತ್ತವೆ. ಬಣ್ಣದ ಪಾಠಕ್ಕೆ ಪೂಜಾ ಕುಣಿತದ ಬಿದಿರ ಚೌಕಟ್ಟಿನ ಸೀರೆಗಳಿವೆ, ಸೋಮನ ಕುಣಿತದ ಕೆಂಪು, ಹಳದಿ ಮೊಗಗಳಿವೆ. ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಗೋಡೆಯಲ್ಲಿ ಪೊಳ್ಳಿಲೂರಿನ ಯುದ್ಧವಿದೆ. ಮದ್ದೂರು ದಾಟಿದರೆ ಚನ್ನಪಟ್ಟಣದ ಅರಗಿನ ಬೊಂಬೆ.

ಇವು ಪಠ್ಯದ ಕೊನೆಯಲ್ಲಿ ‘ಹೆಚ್ಚಿನ ಚಟುವಟಿಕೆ’ಯಾಗಿ ಬಂದರೆ ಪ್ರಯೋಜನವಿಲ್ಲ, ಮೊದಲ ಅಧ್ಯಾಯವಾಗಬೇಕು. ಮಕ್ಕಳ ತಲೆ ಎಣಿಸದೆ ಶಾಲೆಗೊಬ್ಬ ಕಲಾ ಶಿಕ್ಷಕರನ್ನು ಕೊಡಿ. ವಾರಕ್ಕೆ ಎರಡು ಪಿರಿಯಡ್ ಯಾರೂ ಕಸಿಯದಂತೆ ಕಾಯಿರಿ. ವರ್ಷಕ್ಕೊಂದು ದಿನ ಮಕ್ಕಳನ್ನು ಬಸರಾಳಿನ ಗೋಡೆಯ ಮುಂದೆ ಕೂರಿಸಿ.