ಕೊಂಡದ್ದನ್ನು ಹಿಂದಿರುಗಿಸುವ ಹಕ್ಕು: ಕ್ರೀತಾನುಶಯದಿಂದ ಇ-ವಾಣಿಜ್ಯ ನಿಯಮಗಳವರೆಗೆ

ಕೊಂಡ ಸರಕನ್ನು ಮಾರಿದವನಿಗೇ ಹಿಂದಿರುಗಿಸುವ ಹಕ್ಕಿನ ಚರಿತ್ರೆಯು, ಕೊಳ್ಳುವವನಿಗೆ ಆ ಸರಕನ್ನು ಕಣ್ಣಾರೆ ಪರೀಕ್ಷಿಸುವ ಅವಕಾಶ ಹಣ ಕೊಡುವುದಕ್ಕೆ ಮೊದಲು ಸಿಗುತ್ತಿತ್ತೋ ಅನಂತರ ಸಿಗುತ್ತಿತ್ತೋ ಎಂಬುದರ ಚರಿತ್ರೆಯೂ ಆಗಿದೆ. ಸಂತೆಯಲ್ಲಿ ಎತ್ತಿನ ಹಲ್ಲು ಎಣಿಸಿ ವ್ಯಾಪಾರ ಕುದುರಿಸುವವನಿಗೆ ಈ ಹಕ್ಕು ಅಷ್ಟಾಗಿ ಬೇಕಾಗುವುದಿಲ್ಲ. ಸರಕಿನ ವರ್ಣನೆಯನ್ನಷ್ಟೇ ನಂಬಿ ಹಣ ತೆತ್ತವನಿಗೆ ಮಾತ್ರ ಅದು ಏಕಮಾತ್ರ ಆಸರೆ. ಅಂತರಜಾಲದ ಮಳಿಗೆಯಲ್ಲಿ ಶುದ್ಧ ರೇಷ್ಮೆಯೆಂದು ಬರೆದಿದ್ದ ಸೀರೆ ಮನೆಗೆ ಬರುವಾಗ ಪಾಲಿಯೆಸ್ಟರ್ ಆಗಿದ್ದರೆ ಏಳುವ ತಕರಾರು ಇತ್ತೀಚಿನದೆಂದು ತೋರಿದರೂ, ಭಾರತದ ಧರ್ಮಶಾಸ್ತ್ರಕಾರರು ಅದರ ಪೂರ್ವರೂಪವನ್ನು ಹದಿನೆಂಟು ವ್ಯವಹಾರಪದಗಳಲ್ಲಿ, ಅಂದರೆ ನ್ಯಾಯಸಭೆಯ ಮುಂದೆ ಬರಬಹುದಾದ ದಾವೆಯ ಬಗೆಗಳಲ್ಲಿ, ಒಂದಾಗಿ ಆಗಲೇ ಎಣಿಸಿದ್ದರು.

ಕೊಂಡ ಮೇಲೆ ಮನಸ್ಸು ಒಪ್ಪದೆ ಪಶ್ಚಾತ್ತಾಪಪಡುವುದಕ್ಕೆ ಅವರು ಇಟ್ಟ ಹೆಸರು ಕ್ರೀತಾನುಶಯ. ಮನುಸ್ಮೃತಿಯು ಕೊಂಡವನಿಗೂ ಮಾರಿದವನಿಗೂ ಸಮಾನವಾಗಿ ಹತ್ತು ದಿನಗಳ ಗಡುವು ಕೊಟ್ಟು ಸುಮ್ಮನಾಗುತ್ತದೆ. 1909ರಲ್ಲಿ ಆರ್. ಶಾಮಶಾಸ್ತ್ರಿಗಳು ಮೈಸೂರಿನಿಂದ ಮೊದಲ ಬಾರಿಗೆ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ವೃತ್ತಿಯನ್ನು ನೋಡಿ ಕಾಲವನ್ನು ಗೊತ್ತುಮಾಡುತ್ತದೆ: ವರ್ತಕರಿಗೆ ಒಂದು ರಾತ್ರಿ, ಬೇಸಾಯಗಾರರಿಗೆ ಮೂರು, ದನ ಕಾಯುವವರಿಗೆ ಐದು. ದಿನ ಬೆಳಗಾದರೆ ಕೊಡು-ಕೊಳ್ಳುವುದರಲ್ಲೇ ಇರುವ ವರ್ತಕನ ಕಣ್ಣು ಪಳಗಿರುವುದರಿಂದ ಅವನಿಗೆ ಹೆಚ್ಚು ಸಮಯ ಬೇಡವೆಂಬ ಎಣಿಕೆ ಇದರ ಹಿಂದೆ ಇದ್ದಿರಬೇಕು. ನಾರದಸ್ಮೃತಿಯ ಲೆಕ್ಕ ಇನ್ನೂ ನಯವಾದದ್ದು. ಕೊಂಡದ್ದು ಸರಿಹೋಗಲಿಲ್ಲವೆನಿಸಿದರೆ ಅದೇ ದಿನ, ಮುಕ್ಕಾಗದಂತೆ, ಹಿಂದಿರುಗಿಸಬಹುದು. ಎರಡನೆಯ ದಿನವಾದರೆ ಬೆಲೆಯ ಮೂವತ್ತರಲ್ಲೊಂದು ಪಾಲನ್ನೂ ಮೂರನೆಯ ದಿನವಾದರೆ ಅದರ ಎರಡರಷ್ಟನ್ನೂ ಬಿಟ್ಟುಕೊಡಬೇಕು. ಆಮೇಲೆ ಸರಕು ಕೊಂಡವನ ಪಾಲಿಗೇ ಉಳಿಯುತ್ತದೆ. ಬಳಸಿ ಮಾಸಿದ ಹಳೆಯ ಬಟ್ಟೆಯಲ್ಲಿ ದೋಷವಿದ್ದರೂ ಅದನ್ನು ಕೊಂಡವನು ಹಿಂದಿರುಗಿಸುವಂತಿಲ್ಲವೆಂದು ಅದೇ ಸ್ಮೃತಿ ಹೇಳುತ್ತದೆ.

ಈ ಚಿಂತನೆಯ ಅತ್ಯಂತ ಪಕ್ವವಾದ ರೂಪ ಯಾಜ್ಞವಲ್ಕ್ಯಸ್ಮೃತಿಯಲ್ಲಿದ್ದು, ಅದಕ್ಕೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, ಬಾಳಿದವನು. ಯಾಜ್ಞವಲ್ಕ್ಯನು ಕೊಳ್ಳುವವನ ವೃತ್ತಿಯನ್ನಾಗಲಿ ಜಾತಿಯನ್ನಾಗಲಿ ನೋಡದೆ ವಸ್ತುವನ್ನೇ ನೋಡಿ ಪರೀಕ್ಷೆಯ ಕಾಲವನ್ನು ನಿಗದಿಮಾಡುತ್ತಾನೆ: ಬಿತ್ತನೆ ಬೀಜಕ್ಕೆ ಹತ್ತು ದಿನ, ಕಬ್ಬಿಣಕ್ಕೆ ಒಂದು ದಿನ, ಹೊರೆ ಹೊರುವ ಎತ್ತು ಮುಂತಾದ ಪ್ರಾಣಿಗಳಿಗೆ ಐದು ದಿನ, ರತ್ನಕ್ಕೆ ಏಳು ದಿನ, ಕರೆಯುವ ಎಮ್ಮೆ ಮೊದಲಾದವಕ್ಕೆ ಮೂರು ದಿನ. ಅದೇ ಶ್ಲೋಕದಲ್ಲಿ ದಾಸಿಗೆ ಒಂದು ತಿಂಗಳು, ದಾಸನಿಗೆ ಅರ್ಧ ತಿಂಗಳು ಎಂದೂ ಇದೆ. ಮನುಷ್ಯರನ್ನು ದನಕರುಗಳ ಸಾಲಿನಲ್ಲಿ ನಿಲ್ಲಿಸಿದ ಈ ಮಾತನ್ನು ಮರೆಮಾಚಿ ಪ್ರಾಚೀನ ನ್ಯಾಯದ ಸೂಕ್ಷ್ಮತೆಯನ್ನಷ್ಟೇ ಹೊಗಳುವುದು ಪ್ರಾಮಾಣಿಕತೆಯಾಗುವುದಿಲ್ಲ. ಉಳಿದ ಗಡುವುಗಳ ತರ್ಕವಂತೂ ಸ್ಪಷ್ಟವಾಗಿಯೇ ಇದೆ. ಬೀಜ ಮೊಳೆಯುತ್ತದೆಯೋ ಇಲ್ಲವೋ ಎಂಬುದು ಬಿತ್ತಿ ಕೆಲವು ದಿನ ಕಾಯದೆ ತಿಳಿಯುವುದಿಲ್ಲ, ಎತ್ತು ನೊಗಕ್ಕೆ ಹೆಗಲು ಕೊಡುತ್ತದೆಯೋ ಮಲಗಿಬಿಡುತ್ತದೆಯೋ ಎಂಬುದು ನಾಲ್ಕಾರು ಸಲ ಹೂಡಿ ನೋಡದೆ ಗೊತ್ತಾಗುವುದಿಲ್ಲ, ಎಮ್ಮೆ ಹೇಳಿದಷ್ಟು ಹಾಲು ಕೊಡುತ್ತದೆಯೇ ಎಂಬುದಕ್ಕೆ ಒಂದೇ ಹೊತ್ತಿನ ಕರಾವು ಸಾಕ್ಷಿಯಾಗುವುದಿಲ್ಲ. ದೋಷ ಬಯಲಿಗೆ ಬರಲು ಎಷ್ಟು ದಿನ ಬೇಕೋ ಅಷ್ಟು ದಿನ ಹಿಂದಿರುಗಿಸುವ ಹಕ್ಕೂ ಬದುಕಿರಬೇಕೆಂಬುದೇ ಇಲ್ಲಿನ ಒಳಗಿನ ನಿಯಮ.

ಮನಸ್ಸು ಬದಲಾದದ್ದು ಬೇರೆ, ಮೋಸಹೋದದ್ದು ಬೇರೆ ಎಂಬ ವಿವೇಕವೂ ಈ ಗ್ರಂಥಗಳಲ್ಲಿದೆ. ನಿರ್ದೋಷವಾದದ್ದನ್ನು ತೋರಿಸಿ ಸದೋಷವಾದದ್ದನ್ನು ಕೊಟ್ಟವನು ಕೊಂಡವನಿಗೆ ಬೆಲೆಯ ಇಮ್ಮಡಿಯನ್ನು ಕೊಡಬೇಕು, ರಾಜನಿಗೂ ಅಷ್ಟೇ ದಂಡ ತೆರಬೇಕು ಎನ್ನುತ್ತಾನೆ ನಾರದ. ಮರ, ಲೋಹ, ಮಣಿ, ಹಗ್ಗ, ಚರ್ಮ, ನೂಲು, ಉಣ್ಣೆ ಇವುಗಳಲ್ಲಿ ಕೀಳು ದರ್ಜೆಯದನ್ನು ಉತ್ತಮ ದರ್ಜೆಯದೆಂದು ಹೇಳಿ ಮಾರಿದವನಿಗೆ ಅರ್ಥಶಾಸ್ತ್ರವು ಬೆಲೆಯ ಎಂಟು ಪಟ್ಟು ದಂಡ ವಿಧಿಸುತ್ತದೆ. ಗಡುವು, ಕಡಿತ, ಮೂವತ್ತರಲ್ಲೊಂದು ಪಾಲು ಇವೆಲ್ಲ ಕೊಂಡವನ ಚಂಚಲತೆಗೆ ಹಾಕಿದ ಬೇಲಿಗಳು. ಮಾರಿದವನ ಸುಳ್ಳಿಗೆ ಇದ್ದದ್ದು ದಂಡ.

ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತದ ನ್ಯಾಯಾಲಯಗಳಿಗೆ ಬಂದ ಇಂಗ್ಲಿಷ್ ಕಾನೂನು ಹೊರಟ ಜಾಗವೇ ಬೇರೆ. ಅಲ್ಲಿನ ಹಳೆಯ ಸೂತ್ರ, ಕೊಳ್ಳುವವನು ತನ್ನ ಎಚ್ಚರದಲ್ಲಿ ತಾನಿರಬೇಕು ಎಂಬುದು. 1603ರ ಚಾಂಡಲರ್ ಮತ್ತು ಲೋಪಸ್ ಮೊಕದ್ದಮೆಯಲ್ಲಿ ಅಕ್ಕಸಾಲಿಗನೊಬ್ಬನು ಒಂದು ಕಲ್ಲನ್ನು ಬೆಜೋರ್ ಎಂದು, ಅಂದರೆ ವಿಷಹರ ಗುಣವುಳ್ಳದ್ದೆಂದು ಆ ಕಾಲದವರು ನಂಬಿದ್ದ, ಪ್ರಾಣಿಯ ಹೊಟ್ಟೆಯಲ್ಲಿ ಗಟ್ಟಿಯಾಗುವ ಕಲ್ಲೆಂದು, ಹೇಳಿ 100 ಪೌಂಡಿಗೆ ಮಾರಿದ್ದನು. ಅದು ಬೆಜೋರ್ ಅಲ್ಲವೆಂದು ಕೊಂಡವನು ದೂರಿದಾಗ, ಮಾರುವವನು ಬರಿಯ ಮಾತಿನಲ್ಲಿ ಹೇಳಿದ್ದು ಸಾಲದು, ಭರವಸೆಯೆಂದು ಸ್ಪಷ್ಟವಾಗಿ ಕೊಟ್ಟಿದ್ದರೆ ಮಾತ್ರ ದಾವೆ ನಿಲ್ಲುತ್ತದೆ ಎಂದು ನ್ಯಾಯಾಲಯ ತೀರ್ಮಾನಿಸಿತು. ತನ್ನ ಸರಕನ್ನು ಹೊಗಳದ ವ್ಯಾಪಾರಿ ಯಾರಿದ್ದಾನೆ ಎಂಬುದು ಇದರ ಹಿಂದಿದ್ದ ವಾದ. ನಾರದನು ಈ ಮೊಕದ್ದಮೆಯನ್ನು ಹಾಗೆ ಮುಗಿಸುತ್ತಿರಲಿಲ್ಲ.

ಈ ಸೂತ್ರ ಸಡಿಲಾದದ್ದಕ್ಕೆ ಸರಕು ನೋಡದೆಯೇ ನಡೆಯುವ ದೂರದ ವ್ಯಾಪಾರ ಬೆಳೆದದ್ದು ಮುಖ್ಯ ಕಾರಣ. ಮೆಕೆಂಜಿ ಚಾಮರ್ಸ್ ಕರಡು ಮಾಡಿದ 1893ರ ಬ್ರಿಟಿಷ್ ಸರಕು ಮಾರಾಟ ಕಾಯಿದೆಯು, ವರ್ಣನೆಯ ಮೇಲೆ ನಡೆದ ಮಾರಾಟದಲ್ಲಿ ಸರಕು ವರ್ಣನೆಗೆ ತಕ್ಕಂತೆ ಇರಬೇಕೆಂಬುದು ಯಾರೂ ಬರೆಯದಿದ್ದರೂ ಒಪ್ಪಂದದಲ್ಲಿ ಅಡಗಿರುವ ಷರತ್ತು ಎಂದು ಸಾರಿತು. 1900ರಲ್ಲಿ ತೀರ್ಮಾನವಾದ ವಾರ್ಲಿ ಮತ್ತು ವಿಪ್ ಮೊಕದ್ದಮೆಯು ಇಂದಿನ ಆನ್‌ಲೈನ್ ಖರೀದಿಯನ್ನೇ ಹೋಲುತ್ತದೆ. ಒಂದು ಕೊಯ್ಲು ಯಂತ್ರವನ್ನು, ಹಿಂದಿನ ವರ್ಷವಷ್ಟೇ ಹೊಸದಾಗಿದ್ದು 50-60 ಎಕರೆ ಮಾತ್ರ ಕೊಯ್ದದ್ದು ಎಂದು ವರ್ಣಿಸಿ, 21 ಪೌಂಡಿಗೆ ಮಾರಲಾಗಿತ್ತು. ಕೊಂಡವನು ಅದನ್ನು ನೋಡಿರಲಿಲ್ಲ. ಬಂದದ್ದು ರಿಪೇರಿ ಕಂಡ ಹಳೆಯ ಯಂತ್ರ. ಕಣ್ಣಿಗೆ ಕಾಣದ ವಸ್ತುವನ್ನು ಗುರುತಿಸುವುದೇ ಮಾರುವವನ ವರ್ಣನೆಯಾದ್ದರಿಂದ ಆ ವರ್ಣನೆಗೆ ಅವನು ಬದ್ಧನೆಂದೂ, ಕೊಂಡವನು ಯಂತ್ರವನ್ನು ತಿರಸ್ಕರಿಸಿದ್ದು ಸರಿಯೆಂದೂ ನ್ಯಾಯಾಲಯ ಹೇಳಿತು.

ಭಾರತದಲ್ಲಿ ಮೊದಲು 1872ರ ಕರಾರು ಕಾಯಿದೆಯ ಒಂದು ಅಧ್ಯಾಯವಾಗಿದ್ದ ಈ ವಿಷಯವು 1930ರ ಜುಲೈ 1ರಂದು ಜಾರಿಗೆ ಬಂದ ಸರಕು ಮಾರಾಟ ಕಾಯಿದೆಯಾಗಿ ಬೇರೆಯಾಯಿತು. ಅದರ 15ನೆಯ ಪ್ರಕರಣವು ವರ್ಣನೆಯ ಷರತ್ತನ್ನೂ 41ನೆಯದು ಸರಕನ್ನು ಪರೀಕ್ಷಿಸುವ ಹಕ್ಕನ್ನೂ ಹೇಳುತ್ತವೆ. ಇಲ್ಲಿ ಷರತ್ತು ಮತ್ತು ಭರವಸೆ ಎಂಬ ಎರಡು ಪರಿಭಾಷೆಗಳ ವ್ಯತ್ಯಾಸವನ್ನು ಗಮನಿಸಬೇಕು: ಷರತ್ತು ಮುರಿದರೆ ಸರಕನ್ನೇ ತಿರಸ್ಕರಿಸಬಹುದು, ಭರವಸೆ ಮುರಿದರೆ ನಷ್ಟ ಪರಿಹಾರವನ್ನಷ್ಟೇ ಕೇಳಬಹುದು. ಇನ್ನೂ ಸ್ವಾರಸ್ಯದ್ದು, ಹೆಚ್ಚು ಜನ ಓದದ 43ನೆಯ ಪ್ರಕರಣ. ತಿರಸ್ಕರಿಸುವ ಹಕ್ಕುಳ್ಳ ಕೊಳ್ಳುವವನು, ಬೇರೆ ಒಪ್ಪಂದವಿಲ್ಲದಿದ್ದರೆ, ಸರಕನ್ನು ತಾನೇ ಹೊತ್ತುಕೊಂಡು ಹೋಗಿ ಹಿಂದಿರುಗಿಸಬೇಕಾಗಿಲ್ಲ. ಒಲ್ಲೆನೆಂದು ತಿಳಿಸಿದರೆ ಸಾಕು. ಕೊರಿಯರ್ ಖರ್ಚು ನಿಮ್ಮದೇ ಎಂದು ಗ್ರಾಹಕನಿಗೆ ಇಂದು ಹೇಳುವ ಮಾರಾಟಗಾರರು ಈ ಸಾಲನ್ನು ಓದಿದಂತೆ ಕಾಣುವುದಿಲ್ಲ.

ಆದರೆ ಪುಸ್ತಕದಲ್ಲಿದ್ದ ಹಕ್ಕು ಅಂಚೆಯ ಕಿಟಕಿಯಲ್ಲಿ ಕೈಗೆ ಸಿಗುತ್ತಿರಲಿಲ್ಲ. 1877ರಲ್ಲಿ ಆರಂಭವಾದ ವಿ.ಪಿ.ಪಿ. ವ್ಯವಸ್ಥೆಯಲ್ಲಿ, ಕಳುಹಿಸಿದವನು ಬರೆದ ಮೊತ್ತವನ್ನು ಪಡೆಯುವವನು ಅಂಚೆಯವನಿಗೆ ಕೊಟ್ಟು ಕಟ್ಟನ್ನು ಬಿಡಿಸಿಕೊಳ್ಳಬೇಕಾಗಿತ್ತು. ಕನ್ನಡದ ಪುಸ್ತಕಗಳು ಹಳ್ಳಿಯ ಓದುಗನಿಗೆ ತಲುಪಿದ ದಾರಿಗಳಲ್ಲಿ ಇದೂ ಒಂದು. ಪತ್ರಿಕೆಯ ಜಾಹೀರಾತು ನೋಡಿ ಕೈಗಡಿಯಾರ ತರಿಸಿಕೊಂಡವರ ನಿರಾಸೆಗಳು ಹುಟ್ಟಿದ್ದೂ ಇದೇ ದಾರಿಯಲ್ಲಿ. ಹಣ ಮೊದಲು, ಕಟ್ಟು ಬಿಚ್ಚುವುದು ಆಮೇಲೆ ಎಂಬ ಕ್ರಮದಿಂದಾಗಿ ಪರೀಕ್ಷೆಯ ಹಕ್ಕು ತಲೆಕೆಳಗಾಗಿತ್ತು. 1898ರ ಅಂಚೆ ಕಾಯಿದೆಯು ವಂಚನೆಯ ಪ್ರಸಂಗಗಳಲ್ಲಿ ವಸೂಲಾದ ಹಣವನ್ನು ತಡೆಹಿಡಿದು ಪಡೆದವನಿಗೆ ಮರಳಿಸುವ ನಿಯಮಗಳಿಗೆ ಅವಕಾಶವನ್ನೇನೋ ಕೊಟ್ಟಿತ್ತು. ಆದರೂ ಹತ್ತಿಪ್ಪತ್ತು ರೂಪಾಯಿಗಾಗಿ ದೂರದೂರಿನ ವ್ಯಾಪಾರಿಯ ಮೇಲೆ ಸಿವಿಲ್ ದಾವೆ ಹೂಡಲು ವಕೀಲರ ಶುಲ್ಕವೇ ಅಡ್ಡಿಯಾಗುತ್ತಿತ್ತು.

ಈ ಅಡ್ಡಿಯನ್ನು ತೆಗೆದದ್ದು 1986ರ ಗ್ರಾಹಕ ಸಂರಕ್ಷಣಾ ಕಾಯಿದೆ. ವಕೀಲರಿಲ್ಲದೆ ದೂರು ಕೊಡಬಹುದಾದ ಜಿಲ್ಲಾ ವೇದಿಕೆಗಳನ್ನು ಅದು ಸ್ಥಾಪಿಸಿತು. ಈ ಕಾಯಿದೆಯ ಕೆಳಗೆ ಬಂದ ಒಂದು ವ್ಯಾಜ್ಯದಲ್ಲಿ ಯಾಜ್ಞವಲ್ಕ್ಯನ ಹತ್ತು ದಿನಗಳ ಸಮಸ್ಯೆಯೇ ಮತ್ತೆ ತಲೆದೋರಿತು. ಕಳಪೆ ಬಿತ್ತನೆ ಬೀಜದಿಂದ ನಷ್ಟಕ್ಕೀಡಾದ ಆಂಧ್ರದ ರೈತರ ದೂರುಗಳಿಗೆ ಬೀಜ ನಿಗಮವು, ಬೀಜದ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಿಲ್ಲವೆಂದು ಆಕ್ಷೇಪ ಎತ್ತಿತು. ಕೊಂಡ ಬೀಜವನ್ನೆಲ್ಲ ಬಿತ್ತಿಬಿಡುವ ರೈತನು ಮುಂದೊಂದು ದಿನ ಪರೀಕ್ಷೆಗೆ ಬೇಕಾದೀತೆಂದು ಮಾದರಿಯನ್ನು ತೆಗೆದಿಡಬೇಕೆಂದು ನಿರೀಕ್ಷಿಸಲಾಗದು ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಆ ಆಕ್ಷೇಪವನ್ನು ತಳ್ಳಿಹಾಕಿತು.

ಅಷ್ಟರಲ್ಲಿ ಅಂಚೆಯ ಕಟ್ಟಿನ ಜಾಗಕ್ಕೆ ಆನ್‌ಲೈನ್ ಮಳಿಗೆಯ ಪೆಟ್ಟಿಗೆ ಬಂದಿತ್ತು. 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರಾಟದಿಂದ ಆರಂಭಿಸಿದ ಫ್ಲಿಪ್‌ಕಾರ್ಟ್ 2010ರಲ್ಲಿ ಸರಕು ತಲುಪಿದಾಗ ಹಣ ಕೊಡುವ ಪದ್ಧತಿಯನ್ನು ತಂದಿತು; ಕಾಣದ ಅಂಗಡಿಯನ್ನು ನಂಬಲು ಹಿಂಜರಿಯುತ್ತಿದ್ದ ಗ್ರಾಹಕನಿಗೆ ಅದು ವಿ.ಪಿ.ಪಿ.ಯ ಪರಿಚಿತ ಕ್ರಮವೇ ಆಗಿತ್ತು. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಹೊಸ ಗ್ರಾಹಕ ಸಂರಕ್ಷಣಾ ಕಾಯಿದೆಯು ದೂರುದಾರನು ತಾನು ವಾಸಿಸುವ ಅಥವಾ ದುಡಿಯುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಸಲ್ಲಿಸಬಹುದೆಂದು ಹೇಳಿ ದೂರದ ಸಮಸ್ಯೆಯನ್ನು ಬಹುಮಟ್ಟಿಗೆ ಬಗೆಹರಿಸಿತು. ಮೂರು ದಿನಗಳ ತರುವಾಯ ಬಂದ ಇ-ವಾಣಿಜ್ಯ ನಿಯಮಗಳು, ಸರಕು ದೋಷಯುಕ್ತವಾಗಿದ್ದರೆ, ನಕಲಿಯಾಗಿದ್ದರೆ ಅಥವಾ ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣಗಳನ್ನು ಹೊಂದಿಲ್ಲದಿದ್ದರೆ ಅದನ್ನು ಹಿಂದಕ್ಕೆ ಪಡೆಯಲು ಮಾರಾಟಗಾರನು ನಿರಾಕರಿಸುವಂತಿಲ್ಲವೆಂದು ವಿಧಿಸಿದವು. ಇತರರ ಸರಕಿಗೆ ವೇದಿಕೆಯಾಗಿರುವ ಮಾರುಕಟ್ಟೆ ತಾಣಗಳು, ಚಿತ್ರವೂ ವಿವರಣೆಯೂ ಸರಕಿನ ನಿಜರೂಪಕ್ಕೆ ಹೊಂದುತ್ತವೆಯೆಂದು ಮಾರಾಟಗಾರರಿಂದ ಮುಚ್ಚಳಿಕೆ ಬರೆಸಿಕೊಳ್ಳಬೇಕು. ದೂರು ಬಂದ 48 ಗಂಟೆಗಳಲ್ಲಿ ಸ್ವೀಕೃತಿ ಕೊಟ್ಟು ಒಂದು ತಿಂಗಳೊಳಗೆ ಪರಿಹರಿಸಬೇಕು.

ಹೀಗೆ ಮಾರಿದವನ ಸುಳ್ಳಿಗೆ ಪರಿಹಾರ ದೊರೆತರೂ, ಕೊಂಡವನ ಮನಸ್ಸು ಬದಲಾದುದಕ್ಕೆ ಭಾರತದ ಕಾನೂನು ಇಂದಿಗೂ ಸಾಮಾನ್ಯ ಹಕ್ಕನ್ನು ಕೊಟ್ಟಿಲ್ಲ. ಐರೋಪ್ಯ ಒಕ್ಕೂಟದಲ್ಲಿ 2011ರ ನಿರ್ದೇಶನದ ಪ್ರಕಾರ ದೂರದಿಂದ ಕೊಂಡ ಬಹುತೇಕ ಸರಕುಗಳನ್ನು ಕಾರಣ ಹೇಳದೆಯೇ 14 ದಿನಗಳೊಳಗೆ ಹಿಂದಿರುಗಿಸಬಹುದು; ಭಾರತದಲ್ಲಿ ಅದು ಆಯಾ ತಾಣವು ತಾನಾಗಿ ಪ್ರಕಟಿಸುವ ಅವಧಿಗೆ ಬಿಟ್ಟದ್ದು. ದೋಷದ ಸರಕಿಗೂ ಕಾಯಿದೆಯು ಮೊದಲು ಬಿಲ್ಲಿನಲ್ಲಿ ಬರೆದ ಅವಧಿಯನ್ನು ನೋಡಿ, ಅದಿಲ್ಲದಿದ್ದರೆ ಮಾತ್ರ 30 ದಿನಗಳೆನ್ನುತ್ತದೆ. ಬಿಲ್ಲು ಬರೆಯುವವನು ಮಾರಾಟಗಾರನೇ ಆದ್ದರಿಂದ, ಸೀರೆಯ ಬಣ್ಣ ಮೊದಲ ಒಗೆತದಲ್ಲಿ ಬಿಡುವುದಕ್ಕೂ ಮಿಕ್ಸಿಯ ಮೋಟಾರು ಕೆಲವು ವಾರಗಳ ಬಳಕೆಯಲ್ಲಿ ಸುಡುವುದಕ್ಕೂ ಒಂದೇ ಏಳು ದಿನಗಳ ಗಡುವು ಬೀಳುವುದುಂಟು.